ರೈತನ ಸಾಹಸವೂ ಮನಸ್ಸಿನ ಮೋಸವೂ

ಮೃಗಶಿರೆಯ ಮಳೆ ಬಿದ್ದು ಹೊಲವು ಹದಗೊಂಡಿತೆಂದರೆ ರಾಯಚೂರು ತಾಲೂಕಿನ ಚಂದ್ರಬಂಡದ ರೈತನು ಒಂದು ದೊಡ್ಡ ನಿರ್ಧಾರವನ್ನು ಮಾಡಲೇಬೇಕಾಗುವದು. ಇರುವ ನಾಲ್ಕಾರು ಎಕರೆಯಲ್ಲಿ ಹತ್ತಿಯನ್ನು ಎಷ್ಟು ಊರುವದು, ತೊಗರಿಯನ್ನು ಎಷ್ಟು ಬಿತ್ತುವದು, ಜೋಳಕ್ಕೆ ಎಷ್ಟು ನೆಲವನ್ನು ಉಳಿಸುವದು, ಬೀಜ ಗೊಬ್ಬರಗಳಿಗೆ ಎಷ್ಟು ಸಾಲವನ್ನು ಯಾರಿಂದ ತರುವದು, ಇವೆಲ್ಲವೂ ಎಂಟು ಹತ್ತು ದಿನಗಳಲ್ಲಿ ತೀರ್ಮಾನವಾಗಬೇಕು. ಆಗ ಮುಂದಿನ ಮಳೆಯು ಹೇಗೆಂಬುದು ಅವನಿಗೆ ತಿಳಿದಿರುವದಿಲ್ಲ. ಅರಳೆ ಬಿಡಿಸುವ ಹೊತ್ತಿಗೆ ಪೇಟೆಯ ಧಾರಣೆಯು ಎಲ್ಲಿ ನಿಲ್ಲುವದೆಂಬುದೂ ತಿಳಿದಿರುವದಿಲ್ಲ. ಮುಂಬಯಿಯ ಶೇರುಪೇಟೆಯಲ್ಲಿ ಹಣವನ್ನು ತೊಡಗಿಸುವವನನ್ನು ನಾವು ಸಾಹಸಿಯೆಂದು ಕರೆಯುತ್ತೇವೆ. ಅವನಾದರೋ ಗಾಳಿ ತಿರುಗಿದಾಗ ತನ್ನ ಶೇರುಗಳನ್ನು ಮಾರಿ ಒಪ್ಪತ್ತಿನಲ್ಲಿ ಹೊರಬೀಳಬಲ್ಲನು. ನೆಲದೊಳಗೆ ಊರಿದ ಬೀಜವನ್ನು ಹಿಂದಕ್ಕೆ ತೆಗೆದುಕೊಳ್ಳುವ ಉಪಾಯವು ರೈತನಿಗಿಲ್ಲ. ಹೀಗಿರಲಾಗಿ ನಮ್ಮ ನಾಡಿನ ನಿಜವಾದ ಸಾಹಸಿಯು ಯಾರೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಅಪಾಯವಿಲ್ಲದ ಒಕ್ಕಲುತನವೂ ಇಲ್ಲ, ಅಪಾಯವಿಲ್ಲದ ಸಂಪತ್ತೂ ಇಲ್ಲ. ಆದುದರಿಂದ ಸಾಹಸವನ್ನು ಮಾಡಬೇಕೋ ಬೇಡವೋ ಎಂಬುದು ಪ್ರಶ್ನೆಯಲ್ಲ. ಎಂಥ ಸಾಹಸವನ್ನು, ಎಷ್ಟರ ಮಟ್ಟಿಗೆ ಮಾಡಬೇಕೆಂಬುದೇ ಪ್ರಶ್ನೆ. ಈ ಪ್ರಶ್ನೆಗೆ ಉತ್ತರವನ್ನು ಹುಡುಕುವಾಗ ಮಳೆ, ಕೀಡೆ, ದಲ್ಲಾಳಿ, ಸಾಹುಕಾರ ಇವರನ್ನೆಲ್ಲ ನಾವು ನೆನೆಯುತ್ತೇವೆ. ನಮ್ಮ ಮನಸ್ಸೇ ನಮ್ಮನ್ನು ಮೋಸಗೊಳಿಸುವದೆಂಬ ಸಂಗತಿಯನ್ನು ಮಾತ್ರ ಮರೆಯುತ್ತೇವೆ. ಕಳೆದ ಐವತ್ತು ವರ್ಷಗಳಲ್ಲಿ ಪಂಡಿತರು ಈ ಮೋಸದ ಬಗೆಗಳನ್ನು ಪ್ರಯೋಗಗಳಿಂದ ಗುರುತಿಸಿರುವರು. ಅವರ ಶೋಧವು ದೋಆಬಿನ ಹೊಲಕ್ಕೆ ಹೇಗೆ ಅನ್ವಯಿಸುವದೆಂಬುದನ್ನು ವಾಚಕರ ಮುಂದಿಡುವದು ಈ ಲೇಖನದ ಉದ್ದೇಶವು.

ಮೊದಲು ಸ್ವಲ್ಪ ಇತಿಹಾಸವನ್ನು ನೋಡೋಣ. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ದೋಆಬು ೧೮೫೩ರಲ್ಲಿ ನಿಜಾಮರಿಂದ ಇಂಗ್ಲಿಷರ ಕೈಗೆ ಹೋಗಿ ೧೮೬೦ರಲ್ಲಿ ಮರಳಿ ನಿಜಾಮರ ಕೈಗೆ ಬಂದಿತು. ಮರುವರ್ಷವೇ, ಅಂದರೆ ೧೮೬೧ರಲ್ಲಿ, ಅಮೇರಿಕೆಯಲ್ಲಿ ಉತ್ತರ ದಕ್ಷಿಣಗಳ ಅಂತರ್ಯುದ್ಧವು ಹತ್ತಿಕೊಂಡಿತು. ಉತ್ತರದವರ ನೌಕಾಸೇನೆಯು ದಕ್ಷಿಣದ ಬಂದರಗಳನ್ನು ಮುಚ್ಚಿದ್ದರಿಂದ ಇಂಗ್ಲೆಂಡಿನ ಲ್ಯಾಂಕಶಾಯರದ ಗಿರಣಿಗಳಿಗೆ ಅಮೇರಿಕೆಯ ಹತ್ತಿಯು ಬರದಾಯಿತು. ಗಿರಣಿಯವರ ಕಣ್ಣು ಹಿಂದುಸ್ಥಾನದ ಕಡೆಗೆ ಹೊರಳಿತು. ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಕೇಳದ ಬೆಲೆ ಬಂದಿತು. ಮುಂಬಯಿಗೆ ಬಂದ ಹಣದ ಹೊಳೆಯಲ್ಲಿ ನೂರಾರು ಹೊಸ ಕಂಪನಿಗಳು ಹುಟ್ಟಿದವು. ಸಮುದ್ರವನ್ನು ಹೂಳಿ ಭೂಮಿ ಮಾಡುವ ಬ್ಯಾಕ್‌ಬೇ ಕಂಪನಿಯ ಶೇರುಗಳನ್ನು ಜನರು ಮೂಲ ಬೆಲೆಯ ಅನೇಕ ಪಟ್ಟು ಕೊಟ್ಟು ಕೊಂಡರು. ಯುದ್ಧಕಾಲದ ಧಾರಣೆಯು ಶಾಶ್ವತವಾದದ್ದೆಂದು ಎಲ್ಲರೂ ನಂಬಿದಂತೆ ನಡೆದುಕೊಂಡರು. ೧೮೬೫ರ ಏಪ್ರಿಲದಲ್ಲಿ ಯುದ್ಧವು ಮುಗಿಯಿತು. ಹತ್ತಿಯ ಬೆಲೆಯು ಕುಸಿಯಿತು. ವಾಯಿದೆಯ ವ್ಯವಹಾರಗಳು ಚುಕ್ತಾ ಆಗಬೇಕಾಗಿದ್ದ ಜುಲೈ ೧ರಂದು ಕೊಡುವವರೇ ಇಲ್ಲವಾದರು. ಹತ್ತಿಯ ರಾಜನೆನಿಸಿದ್ದ ಪ್ರೇಮಚಂದ ರಾಯಚಂದರ ಐಶ್ವರ್ಯವು ಕರಗಿತು. ಅವರಿಗೂ ಅವರಂಥವರಿಗೂ ಧಾರಾಳವಾಗಿ ಸಾಲ ಕೊಟ್ಟಿದ್ದ ಬ್ಯಾಂಕ್ ಆಫ್ ಬಾಂಬೆಯು ಮುಳುಗಿಹೋಯಿತು. ಮುಂಬಯಿ ಮದರಾಸುಗಳ ರೇಲ್ವೆಗಳು ರಾಯಚೂರಿನಲ್ಲಿ ಕೂಡಿ ಈ ಸೀಮೆಯನ್ನು ಲೋಕದ ಪೇಟೆಗೆ ಬಿಗಿದು ಕಟ್ಟಿದ್ದು ೧೮೭೧ರಲ್ಲಿ. ಅಂದಿನಿಂದ ಸಾಗರದಾಚೆಯ ಗಾಳಿಯು ನಮ್ಮ ಅರಳೆಯನ್ನು ನೇರವಾಗಿಯೇ ಹಾರಿಸುತ್ತ ಬಂದಿದೆ.

ಇದು ಹಳೆಯ ಕಥೆಯೆಂದು ಯಾರೂ ಭಾವಿಸದಿರಲಿ. ೨೦೨೧-೨೨ರ ಹಂಗಾಮಿನಲ್ಲಿ ಉದ್ದೆಳೆಯ ಹತ್ತಿಗೆ ಸರಕಾರವು ಗೊತ್ತುಪಡಿಸಿದ ಬೆಂಬಲ ಬೆಲೆಯು ಕ್ವಿಂಟಲಿಗೆ ೬,೦೨೫ ರೂಪಾಯಿಯಿದ್ದಾಗ ಪೇಟೆಯ ಧಾರಣೆಯು ೧೦,೦೦೦ ರೂಪಾಯಿಯನ್ನು ದಾಟಿತು. ಮುಂದಿನ ಹಂಗಾಮಿನಲ್ಲಿ ದಖ್ಖನದ ಅನೇಕ ರೈತರು ಅದೇ ಹತ್ತು ಸಾವಿರವು ಮತ್ತೆ ಬಂದೀತೆಂದು ಅರಳೆಯನ್ನು ಮನೆಯೊಳಗೆ ತುಂಬಿಟ್ಟು ಕಾಯ್ದರು. ಅಂಗಳವು ತುಂಬಿತು, ಪಡಸಾಲೆಯು ತುಂಬಿತು, ಸಾಲದ ಬಡ್ಡಿಯು ಬೆಳೆಯಿತು. ಧಾರಣೆಯು ಮಾತ್ರ ಏಳೆಂಟು ಸಾವಿರದ ಆಸುಪಾಸಿಗೆ ಇಳಿಯಿತು. ಆ ಏಳೆಂಟು ಸಾವಿರವೂ ಬೆಂಬಲ ಬೆಲೆಗಿಂತ ಮೇಲಿನದೇ ಆಗಿದ್ದಿತು. ಹಿಂದಿನ ವರ್ಷದ ಹತ್ತು ಸಾವಿರವು ಕಣ್ಣೆದುರಿಗೆ ಇರದಿದ್ದರೆ ಅದೇ ಬೆಲೆಯನ್ನು ರೈತನು ಸಂತೋಷದಿಂದ ಒಪ್ಪುತ್ತಿದ್ದನು.

ಮನಸ್ಸಿನ ಮೊದಲನೆಯ ಮೋಸವು ಇದೇ. ಒಂದು ಸಂಖ್ಯೆಯು ತಲೆಯಲ್ಲಿ ಹೊಕ್ಕರೆ ಅದು ಹಡಗಿನ ಲಂಗರಿನಂತೆ ನಮ್ಮ ಎಣಿಕೆಯನ್ನು ತನ್ನ ಬಳಿಯಲ್ಲಿಯೇ ಹಿಡಿದು ನಿಲ್ಲಿಸುವದು. ಡೇನಿಯಲ್ ಕಾಹ್ನಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ೧೯೭೪ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ಇದನ್ನು ಸ್ಪಷ್ಟಪಡಿಸುವದು. ಅವರು ಜನರೆದುರಿಗೆ ಜೂಜಿನ ಚಕ್ರವನ್ನು ತಿರುಗಿಸಿದರು. ಅದು ಯಾವಾಗಲೂ ೧೦ ಇಲ್ಲವೆ ೬೫ರಲ್ಲಿಯೇ ನಿಲ್ಲುವಂತೆ ಗುಟ್ಟಾಗಿ ಏರ್ಪಡಿಸಲಾಗಿದ್ದಿತು. ಬಳಿಕ ಸಂಯುಕ್ತ ರಾಷ್ಟ್ರಸಂಘದಲ್ಲಿ ಆಫ್ರಿಕೆಯ ದೇಶಗಳು ನೂರಕ್ಕೆ ಎಷ್ಟಿವೆಯೆಂದು ಕೇಳಿದರು. ೧೦ನ್ನು ಕಂಡವರ ಮಧ್ಯಮ ಅಂದಾಜು ೨೫. ೬೫ನ್ನು ಕಂಡವರದು ೪೫. ಚಕ್ರಕ್ಕೂ ಆಫ್ರಿಕೆಗೂ ಯಾವ ಸಂಬಂಧವೂ ಇಲ್ಲ. ಆದರೂ ಕಂಡ ಸಂಖ್ಯೆಯು ಉತ್ತರವನ್ನು ಎಳೆಯಿತು. ಕಳೆದ ವರ್ಷದ ಧಾರಣೆಯೂ ಅಂಥ ಒಂದು ಚಕ್ರವೆಂದೇ ತಿಳಿಯಬೇಕು. ಈ ವರ್ಷದ ಪೇಟೆಗೆ ಅದರ ನೆನಪಿರುವದಿಲ್ಲ. ನೆನಪಿರುವದು ನಮಗೆ ಮಾತ್ರ.

ಎರಡನೆಯ ಮೋಸವು ಹತ್ತಿರದ ಕಾಲವನ್ನೇ ಮುಂದಿನ ಕಾಲವೆಂದು ಭ್ರಮಿಸುವದು. ೨೦೧೫ರಲ್ಲಿ ತೊಗರಿಬೇಳೆಯ ಬೆಲೆಯು ನಗರಗಳಲ್ಲಿ ಕಿಲೋಗೆ ೨೦೦ ರೂಪಾಯಿಯ ಹತ್ತಿರ ಹೋಯಿತು. ಅದನ್ನು ಕಂಡು ದೇಶದಲ್ಲೆಲ್ಲ ರೈತರು ತೊಗರಿಯನ್ನು ಬಿತ್ತಿದರು. ಮಳೆಯೂ ಒಳ್ಳೆಯದಾಯಿತು. ೨೦೧೫-೧೬ರಲ್ಲಿ ಸುಮಾರು ೨೬ ಲಕ್ಷ ಟನ್ನಿದ್ದ ದೇಶದ ತೊಗರಿಯ ಬೆಳೆಯು ಮರುವರ್ಷ ಸುಮಾರು ೪೯ ಲಕ್ಷ ಟನ್ನಿಗೆ ಏರಿತು. ಪರಿಣಾಮವಾಗಿ ಧಾರಣೆಯು ೫,೦೫೦ ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗಿಳಿದು, ಕಲಬುರ್ಗಿ ರಾಯಚೂರುಗಳ ರೈತರು ಖರೀದಿ ಕೇಂದ್ರಗಳ ಮುಂದೆ ಸಾಲುಗಟ್ಟಿ ನಿಲ್ಲಬೇಕಾಯಿತು. ಬೆಲೆ ಏರಿದಾಗ ಎಲ್ಲರೂ ಬಿತ್ತುವದು, ಎಲ್ಲರೂ ಬಿತ್ತಿದ್ದರಿಂದಲೇ ಬೆಲೆ ಬೀಳುವದು, ಬಿದ್ದಾಗ ಎಲ್ಲರೂ ಬಿಡುವದು, ಬಿಟ್ಟದ್ದರಿಂದಲೇ ಮತ್ತೆ ಏರುವದು: ಈ ಸುತ್ತಿಗೆ ಅರ್ಥಶಾಸ್ತ್ರಜ್ಞರು ಜೇಡರಬಲೆಯೆಂದು ಹೆಸರಿಟ್ಟಿರುವರು, ಅಮೇರಿಕೆಯ ಎಝೀಕಿಯಲ್ ಎಂಬ ಪಂಡಿತನು ಇದನ್ನು ಕುರಿತು ೧೯೩೮ರಲ್ಲಿಯೇ ವಿವರವಾಗಿ ಬರೆದಿದ್ದನು. ಬಲೆಯನ್ನು ನೇಯುವವರೂ ನಾವೇ, ಬೀಳುವವರೂ ನಾವೇ.

ಮೂರನೆಯದು, ಸುರಿದ ಹಣದ ಮಮತೆ. ಮಾನ್ವಿಯ ಕಾಲುವೆಯ ಕೊನೆಯ ಭಾಗದಲ್ಲಿ ಭತ್ತ ಹಚ್ಚಿದ ರೈತನಿಗೆ ನೀರು ಬಾರದೆಂಬುದು ಸ್ಪಷ್ಟವಾದ ಮೇಲೂ ಮತ್ತಷ್ಟು ಗೊಬ್ಬರವನ್ನು ಸಾಲದಿಂದ ತಂದು ಹಾಕುವ ಮನಸ್ಸಾಗುವದು. ದೇವದುರ್ಗದ ಹತ್ತಿಯ ಹೊಲದಲ್ಲಿ ಗುಲಾಬಿ ಕಾಯಿಕೊರಕವು ಕಾಯಿಗಳನ್ನು ಟೊಳ್ಳು ಮಾಡಿದ ಮೇಲೂ ಇನ್ನೊಂದು ಸಲ ಔಷಧವನ್ನು ಹೊಡೆಯೋಣವೆನಿಸುವದು. ಇಷ್ಟು ಹಾಕಿದ ಮೇಲೆ ಬಿಡುವದು ಹೇಗೆಂಬುದೇ ಮನಸ್ಸಿನ ಮಾತು. ಹೋದ ಹಣವು ಬಿಟ್ಟರೂ ಹೋಯಿತು, ಬಿಡದಿದ್ದರೂ ಹೋಯಿತು. ಕೇಳಬೇಕಾದ ಪ್ರಶ್ನೆಯೆಂದರೆ, ಇಂದು ಹಾಕುವ ರೂಪಾಯಿಯು ಒಂದು ರೂಪಾಯಿಗಿಂತ ಹೆಚ್ಚಾಗಿ ಮರಳುವದೋ ಇಲ್ಲವೋ ಎಂಬುದಿಷ್ಟೇ. ಇದರ ಬೇರು ಇನ್ನೂ ಆಳವಾಗಿದೆ. ನೂರು ರೂಪಾಯಿ ಗಳಿಸಿದ ಸಂತೋಷಕ್ಕಿಂತ ನೂರು ರೂಪಾಯಿ ಕಳೆದುಕೊಂಡ ದುಃಖವು ಮನಸ್ಸಿಗೆ ಹೆಚ್ಚುಕಡಿಮೆ ಇಮ್ಮಡಿಯಾಗಿ ತಟ್ಟುವದೆಂದು ಮೇಲೆ ಹೇಳಿದ ಪಂಡಿತರ ಸಂಪ್ರದಾಯದ ಪ್ರಯೋಗಗಳು ತೋರಿಸಿವೆ. ಹಾನಿಯನ್ನು ಒಪ್ಪಿಕೊಳ್ಳುವ ನೋವನ್ನು ತಪ್ಪಿಸಿಕೊಳ್ಳಲು ಮನುಷ್ಯನು ಅದಕ್ಕಿಂತ ದೊಡ್ಡ ಹಾನಿಯ ಬಾಗಿಲನ್ನು ತಟ್ಟುತ್ತಾನೆ. ಈ ಶೋಧಕ್ಕಾಗಿ ಕಾಹ್ನಮನ್ನರಿಗೆ ೨೦೦೨ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಟ್ವರ್ಸ್ಕಿಯವರು ೧೯೯೬ರಲ್ಲಿಯೇ ತೀರಿಕೊಂಡಿದ್ದರಿಂದ ಅವರಿಗೆ ಆ ಮನ್ನಣೆಯು ಸಲ್ಲಲಿಲ್ಲ.

ನಾಲ್ಕನೆಯ ಮೋಸವು ಎಲ್ಲಕ್ಕಿಂತ ಕರುಣಾಜನಕವಾದದ್ದು. ಒಂದು ಬೆಳೆಯಲ್ಲಿ ಗೆದ್ದವನ ಹೊಸ ಟ್ರ್ಯಾಕ್ಟರು ಊರ ಬಾಗಿಲಲ್ಲಿಯೇ ನಿಂತಿರುವದು. ಅವನ ಕಟ್ಟುಮನೆಯು ಎಲ್ಲರ ಕಣ್ಣಿಗೂ ಬೀಳುವದು. ಅದೇ ಬೆಳೆಯಲ್ಲಿ ಸೋತವನು ಎಲ್ಲಿರುವನು? ಅವನು ಮನೆಗೆ ಕೀಲಿ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು, ಹೆಂಡಿರು ಮಕ್ಕಳೊಡನೆ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗಿರುವನು. ಪರರ ಮನೆಗಳ ಗೋಡೆಗೆ ಇಟ್ಟಿಗೆಯನ್ನು ಹೊರುತ್ತಿರುವನು. ಗೆದ್ದವನು ಕಾಣುತ್ತಾನೆ, ಸೋತವನು ಕಾಣುವದಿಲ್ಲ. ಕಂಡದ್ದನ್ನೇ ಎಣಿಸುವ ಮನಸ್ಸು ಆ ಬೆಳೆಯಲ್ಲಿ ಎಲ್ಲರೂ ಗೆಲ್ಲುವರೆಂದು ತೀರ್ಮಾನಿಸುವದು. ಹೊಸ ಬೆಳೆಗೆ ಕೈಹಾಕುವ ಮುಂಚೆ ಟ್ರ್ಯಾಕ್ಟರುಗಳನ್ನು ಎಣಿಸಿದಂತೆ ಕೀಲಿ ಹಾಕಿದ ಬಾಗಿಲುಗಳನ್ನೂ ಎಣಿಸುವದು ಅವಶ್ಯ.

ಇಷ್ಟನ್ನು ಓದಿದ ನಗರವಾಸಿಗಳು ರೈತನು ಅವಿವೇಕಿಯೆಂದು ಭಾವಿಸಿದರೆ ಅದು ದೊಡ್ಡ ಅನ್ಯಾಯವಾದೀತು. ಮೇಲಿನ ಪ್ರಯೋಗಗಳು ನಡೆದದ್ದು ರೈತರ ಮೇಲಲ್ಲ, ಹೆಚ್ಚಾಗಿ ವಿದ್ಯಾವಂತರ ಮೇಲೆಯೇ. ರೈತರ ಮೇಲೆ ನಡೆದ ಪರೀಕ್ಷೆಯೊಂದು ಬೇರೆಯೇ ಇದೆ. ಹೈದರಾಬಾದಿನ ಬಳಿಯ ಪಟಾನಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಕೇಂದ್ರದಿಂದ ಹ್ಯಾನ್ಸ್ ಬಿನ್ಸವಾಂಗರ್ ಎಂಬ ಅರ್ಥಶಾಸ್ತ್ರಜ್ಞನು ಮಹಾರಾಷ್ಟ್ರ ಆಂಧ್ರಗಳ ಒಣಸೀಮೆಯ ಹಳ್ಳಿಗಳಲ್ಲಿ ನಿಜವಾದ ಹಣವನ್ನಿಟ್ಟು ನಾಣ್ಯವನ್ನು ಹಾರಿಸಿ ರೈತರ ಧೈರ್ಯವನ್ನು ಅಳೆದು, ೧೯೮೦ರಲ್ಲಿ ಫಲವನ್ನು ಪ್ರಕಟಿಸಿದನು. ನಾಣ್ಯವು ಹೇಗೆ ಬಿದ್ದರೂ ೫೦ ರೂಪಾಯಿ ದೊರೆಯುವ ಒಂದು ಆಯ್ಕೆ. ಒಂದು ಮುಖ ಬಿದ್ದರೆ ೨೦೦ ರೂಪಾಯಿ, ಇನ್ನೊಂದು ಬಿದ್ದರೆ ಏನೂ ಇಲ್ಲವೆಂಬ ಇನ್ನೊಂದು ಆಯ್ಕೆ. ಇವೆರಡರ ನಡುವೆ ಹಲವು ಮೆಟ್ಟಲುಗಳು. ಬಹುತೇಕ ರೈತರು ಎರಡೂ ತುದಿಗಳನ್ನು ಬಿಟ್ಟು ನಡುವಿನ ಮೆಟ್ಟಲುಗಳನ್ನೇ ಆರಿಸಿದರು. ಬಡವನಿಗೂ ಬಲ್ಲಿದನಿಗೂ ಈ ವಿಷಯದಲ್ಲಿ ಹೇಳಿಕೊಳ್ಳುವಂಥ ಅಂತರವು ಕಾಣಲಿಲ್ಲ. ಬಡವನು ಹೊಸತಕ್ಕೆ ಕೈಹಾಕದಿರುವದು ಅಂಜುಬುರುಕತನದಿಂದಲ್ಲ. ಅವನಿಗೆ ಹಣವೂ ಸಾಲವೂ ಸಕಾಲಕ್ಕೆ ದೊರೆಯದಿರುವದರಿಂದ. ಇದು ಆ ಪರೀಕ್ಷೆಯ ತಾತ್ಪರ್ಯವು.

ನಮ್ಮ ಹಿರಿಯರಾದರೋ ಈ ನಡುಮೆಟ್ಟಲಿನ ವಿವೇಕವನ್ನು ಒಕ್ಕಲುತನದ ಪದ್ಧತಿಯಲ್ಲಿಯೇ ಹೆಣೆದಿಟ್ಟಿದ್ದರು. ಅಕ್ಕಡಿ ಸಾಲೆಂಬುದು ಮತ್ತೇನು? ಜೋಳದ ನಡುವೆ ತೊಗರಿ, ಹತ್ತಿಯ ನಡುವೆ ತೊಗರಿ, ಅಂಚಿಗೆ ಪುಂಡಿ ಮುಂತಾದವು. ಮಳೆ ಮುಂಚೆಯಾದರೆ ಒಂದು ಬೆಳೆ, ತಡವಾದರೆ ಇನ್ನೊಂದು ಬೆಳೆ. ಎಲ್ಲವೂ ಒಮ್ಮೆಲೆ ಗೆಲ್ಲುತ್ತಿರಲಿಲ್ಲ. ಎಲ್ಲವೂ ಒಮ್ಮೆಲೆ ಸೋಲುತ್ತಲೂ ಇರಲಿಲ್ಲ. ಹಗೇವಿನಲ್ಲಿ ತುಂಬಿಟ್ಟ ಜೋಳವು ಬರಗಾಲದ ಬ್ಯಾಂಕು. ಮೊದಲು ಹಗೇವು ತುಂಬಲಿ, ಬಳಿಕ ಪೇಟೆಯ ಬೆಳೆಯನ್ನು ಬೆಳೆಯೋಣವೆಂಬುದು ಆ ಪದ್ಧತಿಯ ಕ್ರಮವಾಗಿದ್ದಿತು. ೧೯೫೨ರಲ್ಲಿ ಹ್ಯಾರಿ ಮಾರ್ಕೊವಿಟ್ಜ್ ಎಂಬವನು ಹಣವನ್ನು ಹಲವು ಕಡೆಗೆ ಹಂಚಿ ತೊಡಗಿಸುವ ಶಾಸ್ತ್ರವನ್ನು ಗಣಿತದಿಂದ ಸ್ಥಾಪಿಸಿ ಕೀರ್ತಿವಂತನಾದನು. ಅಕ್ಷರವನ್ನರಿಯದ ನಮ್ಮ ಅಜ್ಜನು ಅದನ್ನು ಕೂರಿಗೆಯಿಂದ ಬರೆದಿದ್ದನು.

ಈಗ ಲೆಕ್ಕಕ್ಕೆ ಬರೋಣ. ಒಂದು ಲಕ್ಷ ರೂಪಾಯಿ ಬಂಡವಾಳವುಳ್ಳ ಇಬ್ಬರನ್ನು ಕಲ್ಪಿಸಿಕೊಳ್ಳಿರಿ. ಮೊದಲನೆಯವನು ಇದ್ದುದನ್ನೆಲ್ಲ ಒಂದೇ ಬೆಳೆಗೆ ಸುರಿಯುವನು. ಒಳ್ಳೆಯ ವರ್ಷದಲ್ಲಿ ಅವನಿಗೆ ನೂರಕ್ಕೆ ೬೦ ಲಾಭ. ಕೆಟ್ಟ ವರ್ಷದಲ್ಲಿ ನೂರಕ್ಕೆ ೫೦ ಹಾನಿ. ಎರಡನೆಯವನು ಹಂಚಿ ಬಿತ್ತುವನು. ಅವನಿಗೆ ಒಳ್ಳೆಯ ವರ್ಷದಲ್ಲಿ ನೂರಕ್ಕೆ ೨೦ ಲಾಭ. ಕೆಟ್ಟ ವರ್ಷದಲ್ಲಿ ನೂರಕ್ಕೆ ೧೦ ಹಾನಿ. ಕೂಡಿಸಿ ಭಾಗಿಸಿ ನೋಡಿದರೆ ಇಬ್ಬರದೂ ಸರಾಸರಿ ವರ್ಷಕ್ಕೆ ನೂರಕ್ಕೆ ೫ ಲಾಭವೇ. ಆದರೆ ಒಳ್ಳೆಯ ವರ್ಷ ಕೆಟ್ಟ ವರ್ಷಗಳು ಒಂದಾದ ಮೇಲೊಂದು ಬರಲಿ. ಮೊದಲನೆಯವನ ಲಕ್ಷವು ೧,೬೦,೦೦೦ ಆಗಿ, ೮೦,೦೦೦ಕ್ಕೆ ಇಳಿದು, ೧,೨೮,೦೦೦ಕ್ಕೆ ಏರಿ, ನಾಲ್ಕನೆಯ ವರ್ಷದ ಕೊನೆಗೆ ೬೪,೦೦೦ ಆಗುವದು. ಎರಡನೆಯವನದು ೧,೨೦,೦೦೦; ೧,೦೮,೦೦೦; ೧,೨೯,೬೦೦; ನಾಲ್ಕನೆಯ ವರ್ಷದ ಕೊನೆಗೆ ೧,೧೬,೬೪೦. ಹತ್ತು ವರ್ಷಗಳಾಗುವಷ್ಟರಲ್ಲಿ ಮೊದಲನೆಯವನ ಕೈಯಲ್ಲಿ ಸುಮಾರು ೩೩,೦೦೦ ಉಳಿಯುವದು. ಎರಡನೆಯವನಲ್ಲಿ ಸುಮಾರು ೧,೪೭,೦೦೦ ಇರುವದು. ಮಳೆಯ ಸರದಿಯು ಒಂದೇ, ಸರಾಸರಿಯೂ ಒಂದೇ. ಅರ್ಧವನ್ನು ಕಳೆದುಕೊಂಡವನು ಮೊದಲಿನ ಸ್ಥಿತಿಗೆ ಬರಬೇಕಾದರೆ ಇಮ್ಮಡಿ ಗಳಿಸಬೇಕೆಂಬ ಸಣ್ಣ ಮಾತಿನಲ್ಲಿ ಈ ಅಂತರದ ಗುಟ್ಟೆಲ್ಲ ಅಡಗಿರುವದು. ಸಂಪತ್ತು ಬೆಳೆಯುವದು ದೊಡ್ಡ ಗೆಲವಿನಿಂದಲ್ಲ, ದೊಡ್ಡ ಸೋಲನ್ನು ತಪ್ಪಿಸಿಕೊಳ್ಳುವದರಿಂದ.

ಇದರ ಮೇಲೆ ಸಾಲವನ್ನು ಹೇರಿ ನೋಡಿರಿ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯ ಬಡ್ಡಿಯು ಕೇಳುವದಕ್ಕೆ ಸಣ್ಣದು. ಬಡ್ಡಿಗೆ ಬಡ್ಡಿ ಸೇರುತ್ತ ಹೋದರೆ ಎರಡೇ ವರ್ಷಗಳಲ್ಲಿ ಅಸಲು ಇಮ್ಮಡಿಯಾಗುವದು. ಅಂಥ ಸಾಲದಿಂದ ಮಾಡಿದ ಬೆಳೆಯು ಒಂದು ಸಲ ಸೋತರೆ ಮುಂದಿನ ಬೆಳೆಯು ಗೆದ್ದರೂ ಸಾಹುಕಾರನಿಗೆ ಗೆಲ್ಲುವದೇ ಹೊರತು ಬಿತ್ತಿದವನಿಗಲ್ಲ.

ಹೊಲವನ್ನು ಬಿಟ್ಟು ಬೇರೆ ದಾರಿಯಿಂದ ಬೇಗನೆ ಶ್ರೀಮಂತರಾಗುವ ಹಂಬಲವೂ ನಮ್ಮ ತರುಣರಲ್ಲಿ ಬೆಳೆಯುತ್ತಿರುವದರಿಂದ ಸಾಹಸಕ್ಕೂ ಜೂಜಿಗೂ ಇರುವ ಅಂತರವನ್ನು ಇಲ್ಲಿ ಹೇಳದೆ ಗತ್ಯಂತರವಿಲ್ಲ. ಮಟಕಾ ಎಂಬ ಪಿಡುಗು ನಮ್ಮ ಊರೂರಿಗೂ ಪರಿಚಿತವಾದದ್ದು. ಅದು ಹುಟ್ಟಿದ್ದು ಹತ್ತಿಯಿಂದಲೇ ಎಂಬುದನ್ನು ಬಲ್ಲವರು ಕೆಲವರು. ನ್ಯೂಯಾರ್ಕಿನ ಹತ್ತಿಪೇಟೆಯ ಆರಂಭದ ಮತ್ತು ಮುಕ್ತಾಯದ ಧಾರಣೆಗಳು ತಂತಿಯ ಮೂಲಕ ಮುಂಬಯಿಗೆ ಬರುತ್ತಿದ್ದವು. ಆ ಅಂಕಿಗಳ ಮೇಲೆ ಜನರು ಪಣ ಕಟ್ಟುತ್ತಿದ್ದರು. ೧೯೬೧ರಲ್ಲಿ ಆ ಅಂಕಿಗಳು ನಿಂತಾಗ ಹತ್ತಿಯು ಹೋಗಿ ಜೂಜು ಮಾತ್ರ ಉಳಿಯಿತು. ಇಂದು ಅದೇ ಹುಚ್ಚು ಮೊಬೈಲಿನಲ್ಲಿ ಬೇರೆ ವೇಷದಿಂದ ಬಂದಿರುವದು. ಶೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು ೨೦೨೪ರ ಸೆಪ್ಟೆಂಬರದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ೨೦೨೧-೨೨ರಿಂದ ೨೦೨೩-೨೪ರ ವರೆಗಿನ ಮೂರು ವರ್ಷಗಳಲ್ಲಿ ವಾಯಿದೆ ವ್ಯವಹಾರಕ್ಕಿಳಿದ ವೈಯಕ್ತಿಕ ವ್ಯಾಪಾರಿಗಳಲ್ಲಿ ನೂರಕ್ಕೆ ೯೩ ಜನರು ಹಾನಿಯನ್ನೇ ಅನುಭವಿಸಿದರು. ಒಟ್ಟು ಹಾನಿಯು ೧.೮ ಲಕ್ಷ ಕೋಟಿ ರೂಪಾಯಿಯನ್ನು ಮೀರಿತು. ಪಣದ ಆಟಗಳನ್ನು ೨೦೨೫ರ ಆಗಸ್ಟದಲ್ಲಿ ಸಂಸತ್ತು ಕಾಯಿದೆಯಿಂದ ನಿಷೇಧಿಸಿದ್ದು ಯೋಗ್ಯವೇ ಆಯಿತು. ಸಾಹಸದಲ್ಲಿ ದುಡಿಮೆಯಿಂದ ಒಂದು ವಸ್ತುವು ಹುಟ್ಟುವದು, ಅನುಭವದಿಂದ ಕೌಶಲವು ಬೆಳೆಯುವದು, ಕಾಲವು ದುಡಿಯುವವನ ಪಕ್ಷವನ್ನು ವಹಿಸುವದು. ಜೂಜಿನಲ್ಲಿ ಒಬ್ಬನದು ಇನ್ನೊಬ್ಬನಿಗೆ ಹೋಗುವದು, ನಡುವಿನವನು ತನ್ನ ದಲ್ಲಾಳಿಯನ್ನು ಮುರಿದುಕೊಳ್ಳುವನು. ಆಡಿದಷ್ಟೂ ಕಾಲವು ಆಡುವವನಿಗೆ ವೈರಿಯಾಗುವದು.

ಆದರೆ ರೈತನ ಮೇಲೆ ಉಪದೇಶವನ್ನು ಸುರಿದು ಕೈತೊಳೆದುಕೊಳ್ಳುವದು ನ್ಯಾಯವಲ್ಲ. ಎಷ್ಟು ವಿವೇಕವಿದ್ದರೂ ಒಬ್ಬನ ಕೈಯಿಂದ ತಡೆಯಲಾಗದ ಅಪಾಯಗಳುಂಟು. ೨೦೨೩ರಲ್ಲಿ ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟವು. ೨೦೨೪ರ ಆಗಸ್ಟ ೧೦ರ ರಾತ್ರಿ ತುಂಗಭದ್ರೆಯ ಅಣೆಕಟ್ಟಿನ ೧೯ನೆಯ ಬಾಗಿಲು ಕೊಚ್ಚಿಹೋದಾಗ ಎಡದಂಡೆಯ ರೈತರೆಲ್ಲ ಜೀವವನ್ನು ಕೈಯಲ್ಲಿ ಹಿಡಿದು ನಿಂತರು. ೨೦೨೫ರ ಆಗಸ್ಟದಲ್ಲಿ ಹೊರದೇಶದ ಹತ್ತಿಯ ಮೇಲಿನ ನೂರಕ್ಕೆ ೧೧ರ ಆಮದು ಸುಂಕವನ್ನು ವರ್ಷಾಂತ್ಯದ ವರೆಗೆ ತೆಗೆದುಹಾಕಿದಾಗ ನಮ್ಮ ಹತ್ತಿಯು ಇನ್ನೂ ಹೊಲದಲ್ಲಿಯೇ ಇದ್ದಿತು. ಇಂಥ ಅಪಾಯಗಳನ್ನು ಸಮಾಜವೇ ಹಂಚಿಕೊಳ್ಳಬೇಕು.

ಆ ದಿಶೆಯಲ್ಲಿ ಸಾಧನಗಳು ಇಲ್ಲವೆಂದಲ್ಲ. ೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗಳಿಗೆ ರೈತನು ವಿಮೆಯ ಮೊತ್ತದ ನೂರಕ್ಕೆ ೨ರಷ್ಟನ್ನೂ, ಹತ್ತಿಯಂಥ ವಾಣಿಜ್ಯ ಬೆಳೆಗಳಿಗೆ ಹೆಚ್ಚೆಂದರೆ ೫ರಷ್ಟನ್ನೂ ತೆರಬೇಕು. ಒಳ್ಳೆಯ ವರ್ಷದಲ್ಲಿ ಆ ಹಣವು ವ್ಯರ್ಥವಾಯಿತೆನಿಸುವದೂ ಮನಸ್ಸಿನ ಒಂದು ಮೋಸವೇ. ಮನೆಗೆ ಬೆಂಕಿ ಬೀಳಲಿಲ್ಲವೆಂದು ಬಾವಿ ತೋಡಿಸಿದ್ದಕ್ಕೆ ಯಾರೂ ಮರುಗುವದಿಲ್ಲ. ಆದರೆ ನಷ್ಟವನ್ನು ಹೆಚ್ಚಾಗಿ ಪಂಚಾಯತಿಯ ಸರಾಸರಿಯಿಂದ ಅಳೆಯುವದರಿಂದ ತನ್ನೊಬ್ಬನ ಹೊಲವು ಹಾಳಾದವನಿಗೆ ಪರಿಹಾರವು ದೊರೆಯದೆ ಹೋಗುವದುಂಟು; ಈ ಕುಂದನ್ನು ಸರಕಾರವು ತಿದ್ದಬೇಕು. ಸಹಕಾರಿ ಸಂಘಗಳ ಮೂಲಕ ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿಯನ್ನು ೩ ಲಕ್ಷದಿಂದ ೫ ಲಕ್ಷ ರೂಪಾಯಿಗೆ ಏರಿಸುವದಾಗಿ ರಾಜ್ಯ ಸರಕಾರವು ೨೦೨೩ರ ಮುಂಗಡಪತ್ರದಲ್ಲಿ ಸಾರಿತು. ಆ ಸಾಲವು ಬಿತ್ತನೆಗೆ ಮುಂಚೆ, ಸಣ್ಣ ಹಿಡುವಳಿಯವನ ಕೈಗೆ, ಅಲೆದಾಟವಿಲ್ಲದೆ ಬಂದಾಗಲೇ ಸಾರ್ಥಕವು. ಮಾಲನ್ನು ಉಗ್ರಾಣದಲ್ಲಿಟ್ಟು ರಸೀದಿಯ ಮೇಲೆ ಸಾಲ ಪಡೆಯುವ ಅನುಕೂಲವು ಪ್ರತಿಯೊಂದು ಹೋಬಳಿಗೂ ಬರಬೇಕು. ಆಗ ಅಡತಿಯವನ ಅವಸರಕ್ಕೆ ಮಾರುವ ಗತಿಯು ತಪ್ಪುವದು. ಸಹಕಾರವು ನಮಗೆ ಪರಕೀಯವಾದದ್ದಲ್ಲ. ಹಿಂದುಸ್ಥಾನದ ಮೊದಲನೆಯ ಕೃಷಿ ಸಹಕಾರಿ ಸಂಘವು ೧೯೦೫ರಲ್ಲಿ ಸಿದ್ದನಗೌಡ ಪಾಟೀಲರ ನೇತೃತ್ವದಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ, ಕನ್ನಡಿಗರ ಕೈಯಿಂದಲೇ ಸ್ಥಾಪಿತವಾಯಿತು. ಆದರೂ ೧೯೫೪ರ ಅಖಿಲ ಭಾರತ ಗ್ರಾಮೀಣ ಸಾಲದ ಸಮೀಕ್ಷೆಯು ದೇಶದ ರೈತರ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ನೂರಕ್ಕೆ ಮೂರರಷ್ಟೇ ಎಂದು ಕಂಡುಕೊಂಡಿತು. ಬೀಜವು ನಮ್ಮಲ್ಲಿಯೇ ಬಿದ್ದರೂ ಬೆಳೆಯನ್ನು ನಾವು ಕಾಯಲಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿಯು ಬೇಡ.

ಮುಂದಿನ ಮೃಗಶಿರೆಗೆ ಚಂದ್ರಬಂಡದ ರೈತನು ಮತ್ತೆ ಹೊಲದ ಬದುವಿನ ಮೇಲೆ ನಿಲ್ಲುವನು. ಆಗ ಅವನು ಬಿತ್ತುವ ಮುಂಚೆಯೇ ಮೂರು ಮಾತುಗಳನ್ನು ಮನೆಮಂದಿಯೊಡನೆ ಆಡಿ, ಒಂದು ಕಾಗದದ ಮೇಲೆ ಬರೆದಿಡಲಿ. ಈ ಬೆಳೆ ಪೂರ್ತಿಯಾಗಿ ಹೋದರೆ ನಮ್ಮ ಮನೆಯು ನಿಲ್ಲುವದೋ? ಯಾವ ಧಾರಣೆ ಬಂದರೆ ಅರ್ಧ ಮಾಲನ್ನಾದರೂ ಮಾರಿಬಿಡುವೆವು? ಯಾವ ಹಂತದಲ್ಲಿ ಇನ್ನು ಹಣ ಹಾಕುವದಿಲ್ಲವೆಂದು ಕೈ ಹಿಡಿಯುವೆವು? ಬಿಸಿ ತಲೆಗೇರುವ ಮುಂಚೆ ತಣ್ಣಗೆ ಬರೆದ ಈ ಮೂರು ಉತ್ತರಗಳು ಮನಸ್ಸಿನ ಮೋಸಕ್ಕೆ ಕಟ್ಟಿದ ಒಡ್ಡು. ಮೊದಲನೆಯ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದರೆ ಆ ಬೆಳೆ ಎಷ್ಟೇ ಆಸೆಯನ್ನು ತೋರಿಸಲಿ, ಅಷ್ಟು ಎಕರೆಗೆ ಅದನ್ನು ಊರಬಾರದು. ಒಂದು ವರ್ಷದ ಲಾಭವು ತಪ್ಪಿದರೆ ಮುಂದಿನ ವರ್ಷವುಂಟು. ಮನೆಯ ಬಾಗಿಲಿಗೆ ಕೀಲಿ ಬಿದ್ದ ಮೇಲೆ ಯಾವ ವರ್ಷದ ಧಾರಣೆಯಿಂದಲೂ ಪ್ರಯೋಜನವಿಲ್ಲ.